ಆ ಕ್ಯೂನಲ್ಲಿ ನಾನೂ ಇದ್ದೆ!

ಅಮೆರಿಕದ ದಿನಸಿ ಅಂಗಡಿಗಳ ಚೈನ್ ಟ್ರೇಡರ್ ಜೋಸ್ ಕೊನೆಗೂ ನಮ್ಮ ಏರಿಯಾಕ್ಕೆ ಬಂತು, ಬೆಳಗ್ಗೆಯೇ ಜನ ಕ್ಯೂ ನಿಂತಿದ್ದರು ಅಂತ ಪೋಸ್ಟ್‌ನಲ್ಲಿ ಓದಿ ನಗು ಬಂತು. ಇಷ್ಟು ದಿನ 40 ನಿಮಿಷ ಕಾರು ಓಡಿಸಿಕೊಂಡು ಹೋಗುತ್ತಿದ್ದೆವು, ಖುಷಿ ಆಗಲ್ವಾ?

'ದಿನಸಿ ಅಂಗಡಿಗೆ ಇಷ್ಟೊಂದು ಸಡಗರವಾ' ಅಂತ ಕಾಮೆಂಟ್‌ನಲ್ಲಿ ಒಬ್ಬರು ಕೇಳಿದ್ದಾರೆ. ಸ್ವಾಮಿ, ಇಲ್ಲಿ ಬಾಳೆಹಣ್ಣು ತೂಕಕ್ಕಲ್ಲ, ಎಣಿಸಿ ಕೊಡುತ್ತಾರೆ. ಇಪ್ಪತ್ತು ವರ್ಷಕ್ಕೂ ಜಾಸ್ತಿ ಒಂದಕ್ಕೆ 19 ಸೆಂಟ್ ಇತ್ತು. 2024ರಲ್ಲಿ 23 ಮಾಡಿದ್ದು ಅಮೆರಿಕದ ಪೇಪರ್‌ಗಳಲ್ಲೆಲ್ಲ ಸುದ್ದಿ! ಚಿಪ್ಪಿನಿಂದ ಒಂದೇ ಹಣ್ಣು ಕಿತ್ತುಕೊಂಡರೂ ಯಾರೂ ಮುಖ ನೋಡುವುದಿಲ್ಲ.

ಮೈಕಿನಲ್ಲಿ ಕೂಗುವ ಗಲಾಟೆಯೂ ಇಲ್ಲ. ಗಂಟೆ ಬಾರಿಸುತ್ತಾರೆ. ಒಂದು ಸಲ ಹೊಡೆದರೆ ಇನ್ನೊಂದು ಕೌಂಟರ್ ತೆರೆಯಿರಿ ಅಂತ, ಮೂರು ಸಲ ಹೊಡೆದರೆ ಮ್ಯಾನೇಜರ್ ಬರಬೇಕು ಅಂತ. ನನ್ನ ಮಗಳು ಗಂಟೆ ಕೇಳಿದ ತಕ್ಷಣ ಕೈ ಮುಗಿದಳು, ಬಿಲ್ ಹಾಕುತ್ತಿದ್ದ ಹೂವಿನ ಶರ್ಟಿನ ಹುಡುಗ ತಾನೂ ಮುಗಿದ!

ಹಾಗಂತ ಇಂಡಿಯನ್ ಸ್ಟೋರ್ ಬಿಡೋಕೆ ಆಗುತ್ತಾ? ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ ಇಲ್ಲಿ ಸಿಗಲ್ಲ. ಫ್ರೀಜರ್‌ನಲ್ಲಿರುವ ಪರೋಟ ಮಾತ್ರ ಚೆನ್ನಾಗಿದೆ. ಕಾವಲಿ ಬಿಸಿಯಾದ ಮೇಲೆ ಹಾಕಿ, ಎಣ್ಣೆ ಬೇಡ. ಪದರ ಪದರವಾಗಿ ಏಳುತ್ತೆ. ನಾನಂತೂ ನಾಲ್ಕು ಪ್ಯಾಕೆಟ್ ತಂದೆ.