ಕರ್ಟನ್ ರಾಡ್ ಅಲ್ಲ ಸಾರ್

"ಕರ್ಟನ್ ರಾಡಾ ಸಾರ್?"

ಬ್ಯಾಗು ತೂಕಕ್ಕೆ ಹಾಕುವ ಕೌಂಟರಿನ ಹುಡುಗಿ ಬಹಳ ವಿನಯದಿಂದಲೇ ಕೇಳಿದಳು. ನನ್ನ ಕೈಯಲ್ಲಿ ಒಂದು ಮೀಟರಿಗಿಂತ ಚೂರು ಉದ್ದದ ಕಪ್ಪು ಕೊಳವೆ ಇತ್ತು. ಅಲ್ಲ ಅಂದೆ. "ಮತ್ತೆ ಮನೆ ಪ್ಲಾನಾ?" ಅಂದಳು. ಅದೂ ಅಲ್ಲ ಅಂದೆ. ಹಿಂದೆ ನಿಂತಿದ್ದವರು ತಮ್ಮ ಟ್ರಾಲಿಯನ್ನು ನನ್ನ ಹಿಮ್ಮಡಿಗೆ ಒಮ್ಮೆ ಮೆಲ್ಲಗೆ ತಾಗಿಸಿದರು. "ಗಾಳ" ಅಂದೆ. ಅವಳಿಗೆ ಗೊತ್ತಾಗಲಿಲ್ಲ. "ಮೀನು ಹಿಡಿಯೋದು" ಅಂದೆ. ಆಗ ಅವಳು ನೋಡಿದ ನೋಟವನ್ನು ನಾನು ಅದಕ್ಕೆ ಮುಂಚೆ ಒಂದೇ ಒಂದು ಸಲ ನೋಡಿದ್ದೆ. ಹೆಣ್ಣು ನೋಡಲು ಹೋದಾಗ, "ಹವ್ಯಾಸ ಏನಪ್ಪಾ?" ಅಂತ ಕೇಳಿ ಉತ್ತರ ಪಡೆದ ನಮ್ಮ ಮಾವನವರು ಹೀಗೇ ನೋಡಿದ್ದರು.

ಅವತ್ತು ಆ ಕೊಳವೆಗೆ ಕೊಟ್ಟ ಹೆಚ್ಚುವರಿ ದುಡ್ಡಿನಲ್ಲಿ ಒಂದು ವಾರ ಮೀನೂಟ ಮಾಡಬಹುದಿತ್ತು. ಸೀಟಿನಲ್ಲಿ ಕೂತು ಬೆಲ್ಟು ಬಿಗಿಯುವಾಗಲೇ ತೀರ್ಮಾನ ಮಾಡಿದೆ. ಇನ್ನು ಮೇಲೆ ಒಂದೇ ಗಾಳ. ಎಲ್ಲಾ ಊರಿಗೂ, ಎಲ್ಲಾ ನೀರಿಗೂ, ಎಲ್ಲಾ ಮೀನಿಗೂ ಆಗುವಂಥದ್ದು. ಸೂಟ್‌ಕೇಸಿನೊಳಗೇ ಮಲಗುವಂಥದ್ದು. ಅದು ಯಾವುದು ಅಂತ ಈಗ ನನಗೆ ಗೊತ್ತು. ಕೊನೆಗೆ ಹೇಳುತ್ತೇನೆ.

ಮೀನು ಹಿಡಿಯೋಕೆ ವಿಮಾನ ಯಾಕೆ ಅಂತ ಮಾತ್ರ ಕೇಳಬೇಡಿ. ಮಳವಳ್ಳಿ ಕಡೆಯ ನಮ್ಮ ಸೋದರಮಾವ ನಿಮ್ಮೆಲ್ಲರ ಪರವಾಗಿ ಅದನ್ನು ಕೇಳಿಯಾಗಿದೆ. "ಅಲ್ಲ ಕಣ್ಲಾ, ಕಾವೇರಮ್ಮ ಇಲ್ಲೇ ಹರೀತಾವ್ಳೆ. ನೀನು ಇಮಾನ ಹತ್ಕಂಡು ಯಾವ ಮೀನ ಹುಡುಕ್ಕಂಡು ಹೋಯ್ತೀಯ?" ಮಾವನ ಕಾಲವೇ ಬೇರೆ. ಬಿದಿರು ಕಡ್ಡಿ, ನೈಲಾನ್ ದಾರ, ನವಿಲುಗರಿಯ ದಂಟಿನ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳ. ಮಹಸೀರ್‌ಗಾದರೆ ರಾಗಿ ಹಿಟ್ಟು ಬೇಯಿಸಿ ಗಟ್ಟಿಯಾಗಿ ಕಟ್ಟಿದ ಉಂಡೆ. ಬಿಳಿಮೀನು ಅಂತ ನಮ್ಮ ಕಡೆ ಕರೆಯುವ ಆ ಮೀನು ಮುದ್ದೆಗೆ ಬೀಳುತ್ತಿತ್ತು ಅನ್ನೋದು ಮಾವನಿಗೆ ಇವತ್ತಿಗೂ ಹೆಮ್ಮೆ. ಅದೂ ನಮ್ಮ ಜನವೇ ಅನ್ನುವ ಧಾಟಿಯಲ್ಲಿ ಹೇಳುತ್ತಾನೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅನ್ನುವವರು ಕಬಿನಿಯಲ್ಲಿ ಹಿಡಿದ ಮಹಸೀರ್ 120 ಪೌಂಡ್ ತೂಗಿತ್ತು. ಅಂದರೆ ಸುಮಾರು 54 ಕಿಲೋ. ತಲೆಗೆ 15 ಕಿಲೋ ಸಾಮಾನು ಅನ್ನುವ ವಿಮಾನದ ಈಗಿನ ಲೆಕ್ಕದಲ್ಲಿ ಅದೊಂದು ಮೀನನ್ನು ಸಾಗಿಸಲು ನಾಲ್ಕು ಟಿಕೆಟ್ ಬೇಕು.

ಈಗ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ ಎಲ್ಲಾ ಕಾವೇರಿ ವನ್ಯಜೀವಿಧಾಮದ ಒಳಗೆ. ಹಿಡಿದು ಮತ್ತೆ ನೀರಿಗೇ ಬಿಡುತ್ತೇವೆ ಅಂದರೂ ಗಾಳ ಹಾಕುವಂತಿಲ್ಲ. ಆ ಮಹಸೀರ್ ಉಳಿದಿರುವುದೇ ಬೆರಳೆಣಿಕೆಯಷ್ಟು ಜಾಗದಲ್ಲಿ, ಆದ್ದರಿಂದ ನನ್ನ ತಕರಾರಿಲ್ಲ. ಬೆಂಗಳೂರಿನ ಕೆರೆಗಳಲ್ಲಿ ಜಿಲೇಬಿ ಮೀನು ಇದೆ. ಆದರೆ ದಡದಲ್ಲಿ ಕೂತ ಐದು ನಿಮಿಷಕ್ಕೆ ವಾಕಿಂಗ್ ಬಂದವರು ಒಬ್ಬೊಬ್ಬರಾಗಿ ನಿಂತು "ಸಿಕ್ತಾ?" ಅಂತ ಕೇಳುತ್ತಾರೆ. ಕೇಳಿ ಹೋಗುವುದೂ ಇಲ್ಲ. ಹಾಗಾಗಿ ವಿಮಾನ. ಒಮ್ಮೆ ಅಂಡಮಾನ್, ಒಮ್ಮೆ ಹಿಮಾಚಲದ ತೀರ್ಥನ್ ನದಿ.

ಲೆಕ್ಕ ಹೀಗಿದೆ ನೋಡಿ. ಗಾಳದ ರಾಡು ಏಳು ಅಡಿ. ಎರಡು ತುಂಡಿನದಾದರೆ ಒಂದೊಂದೂ 107 ಸೆಂಟಿಮೀಟರ್, ಅದೇ ಕರ್ಟನ್ ರಾಡು. ನಾಲ್ಕು ತುಂಡಿನದಾದರೆ 53, ಒಂದರೊಳಗೊಂದು ಕೂರುವ ಜಾಯಿಂಟು ಸೇರಿ 56. ಕೈಯಲ್ಲಿ ಒಯ್ಯುವ ಬ್ಯಾಗಿಗೆ ಉದ್ದ 55. ಒಂದು ಸೆಂಟಿಮೀಟರ್! ಈ ಅಳತೆ ಬರೆದವನ ಮೇಲೆ ಯಾವುದೋ ಜನ್ಮದಲ್ಲಿ ಮೀನುಗಾರನೊಬ್ಬ ನೀರು ಎರಚಿರಬೇಕು. ಕೊಡೆ ಥರ ಒಳಗೊಳಗೇ ಸೇರಿಕೊಳ್ಳುವ ರಾಡೂ ಸಿಗುತ್ತದೆ, ಮೊಳದುದ್ದಕ್ಕೆ ಇಳಿಯುತ್ತದೆ. ಅದನ್ನೂ ಕೊಂಡಿದ್ದೆ. ಅಂಡಮಾನಿನ ಮರಳು ಸಂದಿಗೆ ಹೋಗಿ, ತೆರೆದದ್ದು ಮುಚ್ಚಲೇ ಇಲ್ಲ. ಈಗ ಶ್ರೀ ವಿಜಯ ಪುರಂ ಆಗಿರುವ ಪೋರ್ಟ್ ಬ್ಲೇರ್‌ನಲ್ಲಿ ಏಳಡಿಯ ಕೋಲನ್ನು ಆಟೋದಿಂದ ಹೊರಗೆ ಚಾಚಿಕೊಂಡು ಹೋದೆ. ಧ್ವಜ ಒಂದು ಕಟ್ಟಿದ್ದರೆ ಮಂತ್ರಿಯ ಸವಾರಿ ಅಂದುಕೊಳ್ಳುತ್ತಿದ್ದರು.

ಕೊನೆಗೆ ನಾಲ್ಕು ತುಂಡಿನ ರಾಡನ್ನೇ ಕೊಂಡೆ. ದೊಡ್ಡ ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಿದರೆ ಸರಿಯಾಗಿ ಕೂರುತ್ತದೆ. ಆದರೆ ಸೂಟ್‌ಕೇಸನ್ನು ಅವರು ಹೇಗೆ ಎಸೆಯುತ್ತಾರೆ ಅಂತ ಕಿಟಕಿ ಸೀಟಿನವರೆಲ್ಲ ನೋಡಿರುತ್ತೀರಿ. ಗಟ್ಟಿ ಕೊಳವೆ ಬೇಕೇ ಬೇಕು. ರೆಡಿಮೇಡ್ ಕೊಳವೆಯ ರೇಟು ಕೇಳಿದೆ. ಸುಮ್ನೆ ವಾಪಸ್ ಬಂದೆ. ಪಿವಿಸಿ ಪೈಪು ತಂದು ನಾನೇ ಮಾಡಿಕೊಂಡರಾಯಿತು ಅಂತ ಶನಿವಾರ ಸಂಜೆ ನಮ್ಮ ಏರಿಯಾದ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಪೈಪ್ ಬೇಕಿತ್ತು."

"ಕಾವೇರಿಗಾ, ಬೋರ್‌ಗಾ?" ಅಂದರು ಯಜಮಾನರು.

ಬೆಂಗಳೂರಿನಲ್ಲಿ ಪೈಪಿನ ವಿಷಯ ಶುರುವಾಗುವುದೇ ಇಲ್ಲಿಂದ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಕೊಳವೆಯಲ್ಲೇ ಹತ್ತಿ ಬರುವ ಕಾವೇರಿ, ಮತ್ತು ನೆಲದಡಿಯಿಂದ ಬರುವ, ಬರದಿರುವ ಬೋರು. ಮೂರನೆಯ ಜಾತಿ ಇಲ್ಲ. ಎರಡೂ ಅಲ್ಲ ಅಂದೆ.

"ಟ್ಯಾಂಕರಾ?"

"ಮೀನಿಗೆ."

"ಓ, ಅಕ್ವೇರಿಯಂ. ಅದಕ್ಕೆ ಅರ್ಧ ಇಂಚು ಸಾಕಲ್ಲ."

ಅಲ್ಲ, ಇಷ್ಟು ದಪ್ಪ ಅಂತ ಬೆರಳು ಅಗಲಿಸಿ ತೋರಿಸಿದೆ. ಅವರು ನನ್ನ ಬೆರಳನ್ನು ನೋಡಿ, "ಎಪ್ಪತ್ತೈದು ಎಂಎಂ. ಬಚ್ಚಲಿಗೆ" ಅಂತ ತೀರ್ಪು ಕೊಟ್ಟರು. ಎರಡಡಿ ಕೊಡಿ ಅಂದೆ. ಅವರು ಕನ್ನಡಕ ತೆಗೆದರು. "ಎರಡಡಿ ಹೆಂಗೆ ಕೊಡೋದು ಸಾರ್? ಹತ್ತಡಿ ಲೆಂತು ಬರೋದು. ಮಿಕ್ಕಿದ್ದು ಯಾರ್ ತಗೋತಾರೆ?" ಪಕ್ಕದಲ್ಲಿ ಎಲ್ಬೋ ಆರಿಸುತ್ತಿದ್ದ ಪ್ಲಂಬರ್ ಒಬ್ಬರು, ಕರೆಯದೇ ಚರ್ಚೆಗೆ ಸೇರಿದರು. "ಬಚ್ಚಲಿಗಾದ್ರೆ ನೂರಹತ್ತೇ ಹಾಕ್ಸಿ ಸಾರ್. ಆಮೇಲೆ ಬ್ಲಾಕ್ ಆಯ್ತು ಅಂತ ನಮ್ಮನ್ನೇ ಬೈತೀರ." ನಾನು ಇವರನ್ನು ಜನ್ಮದಲ್ಲಿ ಬೈದಿರಲಿಲ್ಲ. ಆ ಕ್ಷಣದಲ್ಲಿ ಬೈಯಬೇಕು ಅನಿಸಿತು.

ಹತ್ತಡಿ ಕೊಂಡೆ. ಎರಡಡಿ ಕತ್ತರಿಸಿ ಕೊಡಲು ಅಂಗಡಿ ಹುಡುಗನಿಗೆ ಹೇಳಿದರು. ಎರಡು ಮುಚ್ಚಳ ಕೊಂಡೆ. ಒಂದನ್ನು ಸಲ್ಯೂಷನ್ ಹಾಕಿ ಅಂಟಿಸು, ಇನ್ನೊಂದನ್ನು ಸುಮ್ನೆ ಸಿಕ್ಕಿಸು, ಅಳತೆ ನೋಡಬೇಕು ಅಂತ ರಾಡನ್ನು ಅದರೊಳಗೆ ಇಳಿಸಿ ಅವನ ಕೈಗೆ ಕೊಟ್ಟೆ. ಅಷ್ಟರಲ್ಲಿ ಮನೆಯಿಂದ ಫೋನು. "ರೀ, ಬರೋವಾಗ ಕೊತ್ತಂಬರಿ ಸೊಪ್ಪು." ಎರಡು ನಿಮಿಷದ ಮಾತು, ಜಾಸ್ತಿ ಇಲ್ಲ. ತಿರುಗಿ ನೋಡಿದರೆ ಹುಡುಗ ಕೊಳವೆಯ ಎರಡನೇ ಬಾಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. ಸಲ್ಯೂಷನ್ ವಾಸನೆ ಗಮ್ಮಂತ ಬರುತ್ತಿತ್ತು.

"ಎರಡೂ ಕಡೆ ಟೈಟ್ ಮಾಡಿದೀನಿ ಅಂಕಲ್. ಒಂದು ತೊಟ್ಟು ಲೀಕ್ ಆಗಲ್ಲ."

ಪಿವಿಸಿ ಸಲ್ಯೂಷನ್ ಗೋಂದಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಕ್ಕೊಂದು ಬೆಸೆಯುತ್ತದೆ. ಅರ್ಧ ನಿಮಿಷ ಕಳೆದರೆ ಭೀಮ ಬಂದರೂ ಬಿಡಿಸಲಾರ. ನಾನು ಎಳೆದೆ. ಹುಡುಗ ಎಳೆದ. ಪ್ಲಂಬರ್ ಕೊಳವೆಯನ್ನು ಎರಡು ಮೊಣಕಾಲಿನ ಮಧ್ಯೆ ಸಿಕ್ಕಿಸಿಕೊಂಡು ಎಳೆದರು. ಒಳಗೆ ನನ್ನ ಹೊಸ ರಾಡು ಗಿಲಕಿಯ ಹಾಗೆ ಲೊಟಲೊಟ ಅಂದಿತು. ಅಂಗಡಿ ಮುಂದೆ ಐದಾರು ಜನ ಸೇರಿದರು. ಒಳಗೇನಿದೆ ಅಂತ ಒಬ್ಬರು, ಕೊಳಲಿರಬೇಕು ಅಂತ ಇನ್ನೊಬ್ಬರು.

ಆಕ್ಸಾ ಬ್ಲೇಡಿನಲ್ಲಿ ಕುಯ್ಯುವುದೊಂದೇ ದಾರಿ. ರಾಡು ತಳದ ಕಡೆಗೆ ಜಾರುವ ಹಾಗೆ ಕೊಳವೆಯನ್ನು ವಾಲಿಸಿ, ಪ್ಲಂಬರ್ ತಾವೇ ಕೂತು, ನಾಲಗೆ ಕಚ್ಚಿಕೊಂಡು, ಅಂಗುಲ ಅಂಗುಲವಾಗಿ ತಿರುಗಿಸುತ್ತಾ ಕುಯ್ದರು. ಬಿಳಿ ಪುಡಿ ಅವರ ಪ್ಯಾಂಟಿನ ಮೇಲೆ ಬಿತ್ತು. ರಾಡಿಗೆ ಏನೂ ಆಗಲಿಲ್ಲ. ತುದಿಯ ಉಂಗುರವೂ ನೆಟ್ಟಗಿತ್ತು. ಆದರೆ ಕೊಳವೆ ಮೂರು ಇಂಚು ಮೋಟಾಗಿ, ರಾಡು ಬಾಯಿಂದ ಹೊರಗೆ ಇಣುಕುತ್ತಿತ್ತು. ಬೇರೆ ಎರಡಡಿ ಕುಯ್ಯಿರಿ, ಇನ್ನೂ ಎಂಟಡಿ ಇದೆಯಲ್ಲ ಅಂತ ನನಗೆ ಆಗ ಹೊಳೆಯಬೇಕಿತ್ತು. ಯಾರಿಗೂ ಹೊಳೆಯಲಿಲ್ಲ. "ಒಂದು ಕಪ್ಲಿಂಗ್ ಹಾಕಿ, ತುಂಡು ಜಾಯಿಂಟ್ ಮಾಡಿ, ತಿರುಪಿನ ಮುಚ್ಚಳ ಕೂರಿಸಿಬಿಡ್ತೀನಿ" ಅಂದರು ಪ್ಲಂಬರ್. ಮಾಡಿದರು. ದುಡ್ಡು ತೆಗೆದುಕೊಳ್ಳಲಿಲ್ಲ. "ಮೀನು ಸಿಕ್ರೆ ಕೊಡಿ" ಅಂದರು.

ಮನೆಯಲ್ಲಿ ಅಡುಗೆಮನೆಯ ತಕ್ಕಡಿಗೆ ಹಾಕಿ ನೋಡಿದೆ. ರಾಡು 160 ಗ್ರಾಂ. ಅದರ ಕೊಳವೆ 900. ಕೊತ್ತಂಬರಿ ಸೊಪ್ಪು ಮರೆತಿದ್ದೆ. ಮಿಕ್ಕ ಎಂಟಡಿ ಪೈಪಿಗೆ ಈಗ ತೊಂಡೆ ಬಳ್ಳಿ ಹಬ್ಬಿದೆ.

ಇಷ್ಟೆಲ್ಲ ಮಾಡಿದ್ದು ಎಲ್ಲದಕ್ಕೂ ಆಗುವ ಒಂದು ಗಾಳಕ್ಕಾಗಿ. ಈ "ಎಲ್ಲದಕ್ಕೂ ಆಗುತ್ತೆ ಸಾರ್" ಅನ್ನುವ ಮಾತಿನ ಮೇಲೆ ನನಗೆ ಮುಂಚಿನಿಂದಲೂ ಸಿಟ್ಟಿದೆ. ನಮ್ಮ ಮನೆಯಲ್ಲಿ ಹಗಲು ಸೋಫಾ, ರಾತ್ರಿ ಮಂಚ ಆಗುವ ಒಂದು ಪದಾರ್ಥ ಇದೆ. ಹಗಲು ಕೂತವರಿಗೆ ಸೊಂಟ ನೋವು, ರಾತ್ರಿ ಮಲಗಿದವರಿಗೆ ಕತ್ತು ನೋವು. ಎರಡು ಕೆಲಸವನ್ನೂ ಸಮನಾಗಿ ಕೆಡಿಸುವುದಕ್ಕೆ ಜಾಸ್ತಿ ದುಡ್ಡು ಕೊಟ್ಟಿದ್ದೇವೆ. ಗಾಳದ ಅಂಗಡಿಯವನೂ ಇದೇ ರಾಗ. "ಏಳಡಿ ಮೀಡಿಯಂ ರಾಡ್, ನಾಕ್ ಸಾವ್ರ ಸೈಜಿನ ರೀಲ್, ಇಪ್ಪತ್ತು ಪೌಂಡ್ ತಡೆಯೋ ಹೆಣೆದ ದಾರ. ಹೊಳೆಗೂ ಆಯ್ತು, ಸಮುದ್ರಕ್ಕೂ ಆಯ್ತು."

ತೀರ್ಥನ್ ನದಿಯ ಟ್ರೌಟ್ ಮೀನಿಗೆ ಎಸೆಯುವ ತಿರುಗುವ ತಗಡಿನ ಚೂರು ನಾಲ್ಕು ಗ್ರಾಂ ಇರುತ್ತದೆ. ಅಂಡಮಾನಿನ ಜೈಂಟ್ ಟ್ರೆವಲಿ ಅನ್ನುವ ದೊಡ್ಡ ಸಮುದ್ರ ಮೀನಿಗೆ ಎಸೆಯುವ ಪಾಪರ್, ಅಂದರೆ ನೀರಿನ ಮೇಲೆ ಸದ್ದು ಮಾಡುವ ಮರದ ಹುಸಿಮೀನು, ನೂರು ಗ್ರಾಂ ದಾಟುತ್ತದೆ. ಇವೆರಡಕ್ಕೂ ಒಂದೇ ರಾಡು ಅನ್ನುವುದು, ಮುದ್ದೆ ತಿರುವುವ ಕೋಲಿನಲ್ಲೇ ಕಿವಿಯನ್ನೂ ಕೆರೆದುಕೊಳ್ಳಿ ಅಂದ ಹಾಗೆ. ಆದರೂ ನಂಬಿದೆ. ಅಂಡಮಾನಿನಲ್ಲಿ ಒಂದು ಬೆಳಿಗ್ಗೆ, ರಾಡು ಮುರಿಯದಂಥ ಸಣ್ಣ ಪಾಪರ್ ಕಟ್ಟಿ ಎಸೆದೆ. ಮೂರನೇ ಎಸೆತಕ್ಕೆ ನೀರು ಬಾಂಬ್ ಬಿದ್ದ ಹಾಗೆ ಎದ್ದಿತು. ರೀಲು ಕಿರ್ರೋ ಅಂದಿತು. ರಾಡು ಹಿಡಿಯ ತನಕ ಬಾಗಿ ನನ್ನ ಮುಖವನ್ನೇ ನೋಡಿತು. ಎಂಟೋ ಹತ್ತೋ ಸೆಕೆಂಡು. ಆಮೇಲೆ ದಾರ ಸಡಿಲ. ದೋಣಿಯವನು ಬೀಡಿ ತೆಗೆದು, ನನ್ನ ರಾಡನ್ನು ಒಮ್ಮೆ ನೋಡಿ, ಏನೂ ಹೇಳದೆ ಬೀಡಿ ಹಚ್ಚಿದ. ಏನಾದರೂ ಹೇಳಿದ್ದರೆ ಪರವಾಗಿರಲಿಲ್ಲ.

ವಾಪಸ್ ಬರುವಾಗ ಇನ್ನೊಂದು. ಕೊಕ್ಕೆಗಳೆಲ್ಲ ಸೂಟ್‌ಕೇಸಿಗೆ, ರೀಲು ಮಾತ್ರ ಕೈಚೀಲಕ್ಕೆ ಅನ್ನುವ ನಿಯಮ ನಾನು ತಪ್ಪುವವನಲ್ಲ. ಆದರೆ ಟೋಪಿಯ ಅಂಚಿಗೆ ಸಿಕ್ಕಿಸಿದ್ದ ಒಂದು ಕೊಕ್ಕೆ ಮರೆತಿತ್ತು. ತಪಾಸಣೆಯವರಿಗೆ ಅದು ಸಿಕ್ಕಿದ್ದು ಯಂತ್ರದಿಂದಲ್ಲ, ಹೆಬ್ಬೆರಳಿನಿಂದ. ಆ ಪ್ರವಾಸದಲ್ಲಿ ನನ್ನ ಗಾಳಕ್ಕೆ ಸರಿಯಾಗಿ ಸಿಕ್ಕಿಬಿದ್ದವರು ಅವರೊಬ್ಬರೇ.

ಇದನ್ನು ಬರೆಯುತ್ತಿರುವುದು ರಾತ್ರಿ ಹನ್ನೊಂದಕ್ಕೆ. ಬೆಳಗಿನ ಜಾವ ನಾಲ್ಕಕ್ಕೆ ಏರ್‌ಪೋರ್ಟ್ ಬಸ್ಸು. ದೆಹಲಿಯಲ್ಲಿ ಒಂದು ರಾತ್ರಿ ಭಾಮೈದನ ಮನೆ, ಅಲ್ಲಿಂದ ಹಿಮಾಚಲದ ಭುಂತರ್‌ಗೆ ಪುಟ್ಟ ವಿಮಾನ, ಅಲ್ಲಿಂದ ತೀರ್ಥನ್. ಚಳಿಗಾಲ ಬಂದರೆ ಟ್ರೌಟ್ ಹಿಡಿಯುವಂತಿಲ್ಲ, ಆದ್ದರಿಂದ ಮುಂದೂಡುವ ಹಾಗೂ ಇಲ್ಲ. ಮಂಚದ ಮೇಲೆ ಮೂರು ರಾಡು, ಎರಡು ರೀಲು ಹರಡಿವೆ. ಒಂದೇ ಒಂದು ಒಯ್ಯುವುದು ಅಂತ ತೀರ್ಮಾನವಾಗಿದೆ. ಯಾವುದು ಅಂತ ಹೇಳುತ್ತೇನೆ, ಸ್ವಲ್ಪ ಇರಿ, ಇವಳು ಸೂಟ್‌ಕೇಸನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ತೂಗುತ್ತಿದ್ದಾಳೆ.

"ಹದಿನೈದು ಮುಕ್ಕಾಲು. ಮುಕ್ಕಾಲು ಕೆಜಿ ಜಾಸ್ತಿ ಇದೆ ಕಣ್ರೀ. ಏನು ತೆಗೀಲಿ?"

ಬಚ್ಚಲ ಪೈಪು ತೆಗೆದರೆ ಲೆಕ್ಕ ಸರಿಹೋಗಿ ಇನ್ನೂ ನೂರೈವತ್ತು ಗ್ರಾಂ ಮಿಗುತ್ತದೆ. ಆದರೆ ಅದರ ಪಕ್ಕದಲ್ಲೇ, ಇವಳು ಎರಡು ದಿನ ಕೂತು ತಮ್ಮನಿಗೆ ಅಂತ ಕರಿದ ಚಕ್ಕುಲಿಯ ಡಬ್ಬ ಇದೆ. ಸಂಜೆ ಇವಳು ದೇವಸ್ಥಾನಕ್ಕೆ ಹೋದಾಗ ನಾನು ಅದನ್ನೂ ತೂಗಿ ನೋಡಿದ್ದೇನೆ. ಎಂಟುನೂರು ಗ್ರಾಂ.

"ಹೇಳ್ರೀ" ಅನ್ನುತ್ತಿದ್ದಾಳೆ.