ಎಲ್ಲರಿಗೂ ಒಂಬತ್ತಕ್ಕೇ ಯಾಕೆ?

ಹಾಸನದ ಒಂದು ಆಸ್ಪತ್ರೆ. ಒಪಿಡಿ ಒಂಬತ್ತಕ್ಕೆ ಅಂತ ಬೋರ್ಡು. ಆಲೂರು, ಸಕಲೇಶಪುರದ ಕಡೆಯಿಂದ ಮೊದಲ ಬಸ್ಸಿಗೇ ಬಂದವರೆಲ್ಲ ಚೀಟಿಗೊಂದು ಸಾಲು, ಡಾಕ್ಟರ್ ಬಾಗಿಲಲ್ಲಿ ಇನ್ನೊಂದು ಸಾಲು. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೆಯಲ್ಲಿ ಬಂದ ನಮ್ಮತ್ತೆ ಹನ್ನೊಂದಾದರೂ ಒಂದು ಲೋಟ ಕಾಫಿ ಕಂಡಿರಲಿಲ್ಲ. ಒಳಗೆ ಹೋದರೆ ಎರಡೇ ನಿಮಿಷ. ಡಾಕ್ಟರನ್ನೂ ಬೈಯುವಂತಿಲ್ಲ ಬಿಡಿ. ಚೀಟಿಯಲ್ಲಿದ್ದ ಹೆಸರು, ವಯಸ್ಸನ್ನೇ ಅವರು ರಿಜಿಸ್ಟರಿಗೆ ಮತ್ತೆ ಬರೆಯುತ್ತಿದ್ದರು! ಗಂಟೆಗೆ ಇಷ್ಟು ಜನ ಅಂತ ಕರೆಯಬಾರದಾ? ಸರ್ಕಾರಿ ಕಚೇರಿಯ ಅರ್ಜಿಗಾದರೆ 2011ರ ಸಕಾಲ ಕಾಯ್ದೆ ಇದೆ; ತಡವಾದರೆ ದಿನಕ್ಕೆ 20 ರೂಪಾಯಿ, 500ರ ತನಕ ಪರಿಹಾರ ಕೇಳಬಹುದು. ಈ ಬೆಂಚಿನ ಮೇಲೆ ಕಳೆದ ಹೊತ್ತಿಗೆ ಯಾರನ್ನು ಕೇಳೋದು? 'ಮಧ್ಯಾಹ್ನ ರಿಪೋರ್ಟ್ ತಗೊಂಡು ಬನ್ನಿ' ಅಂದರು. ಹೋದರೆ ಡಾಕ್ಟರ್ ಇಲ್ಲ, ನಾಳೆ ಒಂಬತ್ತಕ್ಕೆ ಬರಬೇಕಂತೆ.