ಗೆಳೆಯನಿಂದ ಬೇರೆ ಮಾಡಿ ಕಾಪಾಡುವುದು ಎಂಥ ಕಾಪಾಡುವುದು?

ಬೀದಿಯಲ್ಲಿ ಬದುಕುವ ಮಕ್ಕಳ ಮಾತು ಬಂದ ಕೂಡಲೇ ನಾವು ಊಟ, ಬಟ್ಟೆ, ಶಾಲೆ ಅನ್ನುತ್ತೇವೆ. ಎಲ್ಲವೂ ಬೇಕು, ಸರಿ. ಆದರೆ ಆ ಮಗುವಿನ ಜೊತೆ ಯಾರಿದ್ದಾರೆ ಅಂತ ಕೇಳುವವರು ಕಮ್ಮಿ. ಮೊದಲು ಕೇಳಬೇಕಾದ್ದೇ ಅದು ಅನ್ನುವುದು ನನ್ನ ಅಭಿಪ್ರಾಯ.

ದೊಡ್ಡ ನಗರದಲ್ಲಿ ಮನೆಬಿಟ್ಟ ಮಗು ಒಂಟಿಯಾಗಿ ಜಾಸ್ತಿ ದಿನ ಇರಲಾರದು. ಎಲ್ಲಿ ನೀರು ಸಿಗುತ್ತದೆ, ಯಾವ ಕಾವಲುಗಾರ ಒದೆಯುತ್ತಾನೆ, ಯಾರು ‘ಬಾ, ಕೆಲಸ ಕೊಡಿಸ್ತೀನಿ’ ಅಂದರೆ ಓಡಬೇಕು, ಇದೆಲ್ಲ ಹೇಳಿಕೊಡುವವನು ಅಲ್ಲೇ ಇರುವ ಇನ್ನೊಬ್ಬ ಹುಡುಗ. ಮಲಗುವುದನ್ನೇ ನೋಡಿ. ಬೆಳಕಿರುವ ಕಡೆ, ಗೋಡೆಗೆ ಒತ್ತಿಕೊಂಡು, ಗುಂಪಾಗಿ. ಚಿಕ್ಕವರು ನಡುವೆ, ದೊಡ್ಡವರು ಅಂಚಿಗೆ. ಚಪ್ಪಲಿ ತಲೆಯ ಕೆಳಗೆ, ಇಲ್ಲದಿದ್ದರೆ ಬೆಳಗ್ಗೆಗೆ ಮಾಯ. ಒಬ್ಬ ಎಚ್ಚರವಿದ್ದು, ಕಣ್ಣು ಎಳೆದಾಗ ಇನ್ನೊಬ್ಬನನ್ನು ಎಬ್ಬಿಸಿ ತಾನು ಮಲಗುತ್ತಾನೆ. ಜ್ವರ ಬಂದವನ ಊಟ ಆ ದಿನ ಉಳಿದವರ ದುಡಿಮೆಯಲ್ಲಿ.

ಹಾಗಂತ ಇದನ್ನು ಸಿನಿಮಾ ಥರ ಚೆಂದ ಮಾಡುವುದು ಬೇಡ. ಕಾಯುವ ದೊಡ್ಡ ಹುಡುಗನೇ ಚಿಕ್ಕವನ ದುಡ್ಡು ಕಿತ್ತುಕೊಳ್ಳುತ್ತಾನೆ, ಹೊಡೆಯುತ್ತಾನೆ. ಬಟ್ಟೆಗೆ ಸೊಲ್ಯೂಷನ್ (ಪಂಕ್ಚರ್ ಹಾಕುವ ಅಂಟಿನಂಥದ್ದು) ಹಾಕಿ ಅಮಲಿಗಾಗಿ ಮೂಸುವುದನ್ನು ಕಲಿಸುವವನೂ ಎಷ್ಟೋ ಸಲ ಗೆಳೆಯನೇ. ಅದು ಹಸಿವು, ಚಳಿ ಮರೆಸುತ್ತದೆ. ಮೂಸುತ್ತಲೇ ಹೃದಯ ನಿಂತು ಸತ್ತವರೂ ಇದ್ದಾರೆ. ಹುಡುಗಿಯರ ಪಾಡಂತೂ ಹೇಳುವುದೇ ಬೇಡ. ಕೆಲವರು ಕೂದಲು ಕತ್ತರಿಸಿಕೊಂಡು ಹುಡುಗರ ಅಂಗಿ ಹಾಕಿ ಓಡಾಡುವುದು ಸುಮ್ನೆ ಅಲ್ಲ.

ಗುಂಪಿದ್ದರೂ ಉಳಿಯುತ್ತಾರೆ ಅಂತ ಖಾತ್ರಿ ಇಲ್ಲ. 1993ರ ಜುಲೈನಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ, ಕ್ಯಾಂಡೆಲಾರಿಯಾ ಚರ್ಚಿನ ಹತ್ತಿರ ಒಟ್ಟಿಗೆ ಮಲಗುತ್ತಿದ್ದ ಮಕ್ಕಳ ಮೇಲೆ ಗುಂಡು ಹಾರಿಸಿದರು. ಮಕ್ಕಳು, ಹರೆಯದವರು ಸೇರಿ 8 ಜನ ಸತ್ತರು. ಆಮೇಲೆ ಶಿಕ್ಷೆಯಾದವರಲ್ಲಿ ಪೊಲೀಸರೂ ಇದ್ದರು. ಖಾಕಿಯೋ ನೀಲಿಯೋ, ಸಮವಸ್ತ್ರ ಕಂಡರೆ ಈ ಮಕ್ಕಳು ಓಡುತ್ತಾರೆ ಅಂತ ಬೈಯುವವರು ಇದನ್ನೂ ನೆನೆಯಲಿ.

ನನ್ನ ತಕರಾರು ‘ರಕ್ಷಣೆ’ಯ ರೀತಿಯ ಬಗ್ಗೆ. ಗಾಡಿ ಬರುತ್ತದೆ, ಸಿಕ್ಕವರನ್ನು ಹತ್ತಿಸಿ ಮಕ್ಕಳ ಆಶ್ರಯಧಾಮಗಳಿಗೆ ಸಾಗಿಸುತ್ತಾರೆ. 12 ವರ್ಷದವನು ಒಂದು ಕಡೆಗೆ, ಅವನನ್ನು ಅಣ್ಣ ಅಂತ ಕರೆಯುವ 7 ವರ್ಷದವನು ಇನ್ನೊಂದು ಕಡೆಗೆ. ಒಡಹುಟ್ಟಿದವರಲ್ಲವಲ್ಲ, ಕಾಗದದ ಪ್ರಕಾರ ಅವರಿಬ್ಬರೂ ಯಾರೋ ಏನೋ. ಸ್ವಲ್ಪ ದಿನಕ್ಕೆ ದೊಡ್ಡವನು ಗೋಡೆ ಹಾರಿ ವಾಪಸ್. ‘ಇವರಿಗೆ ಬೀದಿಯೇ ಇಷ್ಟ, ಎಷ್ಟು ಮಾಡಿದರೂ ಅಷ್ಟೇ’ ಅಂತ ನಾವು ಕೈ ತೊಳೆದುಕೊಳ್ಳುತ್ತೇವೆ. ತಮ್ಮನನ್ನು ಹುಡುಕಿಕೊಂಡು ಬಂದಿರಬಹುದು ಅಂತ ಹೊಳೆಯುವುದೇ ಇಲ್ಲ, ಅಲ್ವಾ?

ವಿಶ್ವಸಂಸ್ಥೆ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿದ್ದು 1989ರಲ್ಲಿ. ಮಕ್ಕಳಿಗೂ ಗುಂಪು ಕಟ್ಟಿಕೊಳ್ಳುವ, ಒಟ್ಟು ಸೇರುವ ಹಕ್ಕಿದೆ ಅನ್ನುತ್ತದೆ ಅದರ 15ನೇ ವಿಧಿ. ಬೀದಿಯಲ್ಲಿರುವ ಮಕ್ಕಳ ವಿಷಯದಲ್ಲಿ ಈ ಹಕ್ಕುಗಳೆಲ್ಲ ಹೇಗೆ ನಡೆಯಬೇಕು ಅಂತ ಬಿಡಿಸಿ ಹೇಳುವ ಟಿಪ್ಪಣಿ ಅದೇ ಒಡಂಬಡಿಕೆಯ ಸಮಿತಿಯಿಂದ ಬಂದದ್ದು 2017ರಲ್ಲಿ. 28 ವರ್ಷ ಹಿಡಿಯಿತು ನೋಡಿ!

ಆದಷ್ಟು ಇಂಥ ಜೊತೆಗಾರರಿಬ್ಬರನ್ನೂ ಒಂದೇ ಕಡೆ ಇಡಿ. ಆಗದಿದ್ದರೆ ಆಗಾಗ ಭೇಟಿ ಮಾಡಿಸಿ. ಅದಕ್ಕೂ ಮುಂಚೆ ಚಿಕ್ಕವನನ್ನು ಬೇರೆ ಕೂರಿಸಿಕೊಂಡು, ದೊಡ್ಡವನು ಹಿಂಸೆ ಕೊಡುತ್ತಾನಾ ಅಂತ ಕೇಳಿ. ಇದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ. ದಾಖಲು ಮಾಡಿಕೊಳ್ಳುವ ಫಾರಂನಲ್ಲಿ ತಂದೆ, ತಾಯಿ ಹೆಸರಿನ ಕೆಳಗೆ ‘ಜೊತೆಗಾರ’ ಅಂತ ಇನ್ನೊಂದು ಸಾಲು ಹಾಕಿ ಶುರು ಮಾಡಬಹುದು.